ಟೈಪಿಂಗ್ ಬಾಯಾರ ಸೇಡು

ಸೋಮವಾರ ಬೆಳಿಗ್ಗೆ ಇಳಕಲ್ಲಿಗೆ ಹೋಗುವ ಬಸ್ಸು ಹುನಗುಂದದ ಕೋರ್ಟಿನ ಎದುರಿಗೆ ಬರುವ ಹೊತ್ತಿಗೆ ಕಾಶೀಬಾಯಾರು ರಸ್ತೆಯ ಅಂಚಿಗೆ ಬಂದು ಕೈ ಚಾಚುತ್ತಿದ್ದರು. ಬಸ್ಸು ನಿಲ್ಲುತ್ತಿತ್ತು. ಕಂಡಕ್ಟರ್ ಬಾಗಿಲು ತೆಗೆಯುತ್ತಿದ್ದ. ಬಾಯಾರು ಅವನ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿ, “ನಾ ಬರೂದಿಲ್ಲ. ಹೋಗ್ರಿ,” ಎಂದು ಹೇಳಿ, ತಿರುಗಿ ತಾವು ಟೈಪಿಂಗ್ ಮಾಡುವ ಕಟ್ಟೆಗೆ ಹೋಗಿ ಕೂರುತ್ತಿದ್ದರು.

ಅದು ಒಬ್ಬನೇ ಕಂಡಕ್ಟರನಿಗೆ ಮೀಸಲಾದ ಮರ್ಯಾದೆ. ಬೇರೆಯವನು ಬಂದ ದಿನ ಅವರು ತಲೆಯನ್ನೂ ಎತ್ತುತ್ತಿರಲಿಲ್ಲ. ಹಿಂದೊಮ್ಮೆ ಚೈತ್ರದ ಬಿಸಿಲಿನಲ್ಲಿ ಅವರು ಗಂಟು ಹಿಡಿದು ಕೈಮಾಡಿದರೂ ಇವನು ಗಂಟೆ ಹೊಡೆದು ಬಸ್ಸು ಬಿಡಿಸಿಕೊಂಡು ಹೋಗಿದ್ದ. ಕೆಲವು ತಿಂಗಳು ಹೀಗೆ ನಡೆದ ಮೇಲೆ ಅವನು ಕೆಳಗಿಳಿದು ಕೈಮುಗಿದು, ತಪ್ಪಾಯಿತು, ಬಿಟ್ಟುಬಿಡಿ ಎಂದು ಕೇಳಿಕೊಂಡ. ಬಾಯಾರು ಸಮಾಧಾನದಿಂದ, “ಇನ್ನ ದೀಪಾವಳಿ ತನಕ ಐತಿ. ತಡಕೋ,” ಎಂದರು. ದೀಪಾವಳಿಯ ಮರು ಸೋಮವಾರ ಅವರು ಕೈಮಾಡಿ, ಬಸ್ಸು ಹತ್ತಿ, ಟಿಕೆಟ್ಟು ತೆಗೆದುಕೊಂಡು, ಅವನ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆಂದು ವಿಚಾರಿಸಿದರು. ಸೇಡು ಮುಗಿದಿತ್ತು. ಮುಗಿದ ಮೇಲೆ ಅದರ ಮಾತು ಆಡುವ ಪದ್ಧತಿ ಅವರಲ್ಲಿ ಇರಲಿಲ್ಲ.

ಕಟ್ಟೆಗೆ ಬರುವ ಮುಂಚೆ ಬಾಯಾರು ಹುನಗುಂದದಲ್ಲಿ ತಮ್ಮದೇ ಟೈಪಿಂಗ್ ಸಂಸ್ಥೆ ನಡೆಸುತ್ತಿದ್ದರು; ನಾನು ಅಲ್ಲಿ ಕಲಿತದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಮಠದ ಪ್ರಸಾದ ನಿಲಯದಲ್ಲಿ ಬೆಳೆದವನು ನಾನು. ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿದ ದೇಹ. ಹೇಳಿದ ಹೊತ್ತಿಗೆ ಬರುತ್ತೇನೆ ಎಂಬ ಒಂದೇ ಕಾರಣಕ್ಕೆ ಬಾಯಾರಿಗೆ ನನ್ನ ಮೇಲೆ ವಿಶ್ವಾಸ ಕುಳಿತಿತ್ತು. ಅವರು ಆಗ ನಲವತ್ತರ ಆಚೀಚೆ ಇದ್ದರು. ಎತ್ತರದ ಹೆಂಗಸು. ಬೆನ್ನು ಗೋಡೆಯಂತೆ ನೇರ. ಕಡುನೀಲಿ ಇಳಕಲ್ಲ ಸೀರೆ ಬಿಟ್ಟು ಬೇರೆ ಉಟ್ಟದ್ದನ್ನು ನಾನು ನೋಡಿಲ್ಲ. ತವರು ಬದಾಮಿ. ಗಂಡ ಮದುವೆಯಾದ ಕೆಲವೇ ವರ್ಷಗಳಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಆ ಒಂದು ವಿಷಯದಲ್ಲಿ ಮಾತ್ರ ಅವರಿಗೆ ಯಾರ ಮೇಲೂ ಸೇಡಿರಲಿಲ್ಲ.

ಕಲಿಸುವಾಗ ಅವರು ಕೀಲಿಗಳ ಮೇಲೆ ಕರವಸ್ತ್ರ ಹೊದಿಸುತ್ತಿದ್ದರು. ಕದ್ದು ನೋಡಿದವನು ಮೊದಲಿನಿಂದ ಹೊಡೆಯಬೇಕು. ತಪ್ಪು ಹೊಡೆದರೆ ಬಯ್ಯುತ್ತಿರಲಿಲ್ಲ, ಆದರೆ ಮರೆಯುತ್ತಲೂ ಇರಲಿಲ್ಲ. ವಾರದ ಹಿಂದಿನ ತಪ್ಪನ್ನು ಎಲ್ಲರೆದುರು ಹೇಳಿ ಅದನ್ನೇ ಮತ್ತೆ ಹೊಡೆಸುತ್ತಿದ್ದರು. “ಸಿಟ್ಟಿಗೆ ಬಾಯಿ ಬೇಕು. ಸೇಡಿಗೆ ಕುಂಡಿ ಬೇಕು, ಕುಂತಲ್ಲೇ ಕುಂದ್ರಾಕ,” ಎನ್ನುವುದು ಅವರ ಮಾತು. ಟೈಪಿಂಗಿಗೂ ಅದೇ ಬೇಕು ಎಂದು ಸೇರಿಸುತ್ತಿದ್ದರು.

ನನಗಿಂತ ಒಂದೆರಡು ವರ್ಷ ಮುಂಚೆ ಅವರಲ್ಲಿ ಕಲಿತವನು ಶೇಖರಪ್ಪ. ಎಣ್ಣೆ ಹಚ್ಚಿ ಬಾಚಿದ ಕೂದಲು, ಸಕ್ಕರೆಯಂಥ ನಾಲಿಗೆ. ಪರೀಕ್ಷೆ ಪಾಸಾದ ಮೇಲೆ ಬಾಯಾರು ಅವನನ್ನು ಸಹಾಯಕನನ್ನಾಗಿ ಇಟ್ಟುಕೊಂಡರು. ವಿಜಾಪುರ, ಧಾರವಾಡ ಎಂದು ಕಚೇರಿಗಳಿಗೆ ಅಲೆಯುವ ಕೆಲಸವೆಲ್ಲ ಅವನದೇ. ಹಾಗೆ ಅಲೆಯುವವನ ಹೆಸರಿನಲ್ಲೇ ಸಂಸ್ಥೆಯ ಕಾಗದಪತ್ರ ಇದ್ದರೆ ಅನುಕೂಲ ಎಂದು ಅವನೇ ಹೇಳಿದ. ಬಾಯಾರು ನಂಬಿದರು. ಅವರು ತಾಯಿಯ ದಿನಕರ್ಮಕ್ಕೆ ಬದಾಮಿಗೆ ಹೋಗಿ ಬರುವಷ್ಟರಲ್ಲಿ ಸಂಸ್ಥೆಯ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಹೊಸ ಬೋರ್ಡಿನ ಮೇಲೆ ಪ್ರಾಚಾರ್ಯರು ಎಂದು ಶೇಖರಪ್ಪನ ಹೆಸರಿತ್ತು.

ಅಷ್ಟೇ ಆಗಿದ್ದರೆ ಬಾಯಾರು ಬಹುಶಃ ಒಂದು ದೀಪಾವಳಿಯವರೆಗಿನ ಶಿಕ್ಷೆ ಕೊಟ್ಟು ಬಿಡುತ್ತಿದ್ದರೇನೋ. ಆದರೆ ಅವನು ಊರ ತುಂಬ ಇನ್ನೊಂದು ಮಾತು ಹಬ್ಬಿಸಿದ. ಕಾಶೀಬಾಯಿ ನನ್ನ ಹತ್ತಿರ ಕಲಿತಾಕೆ, ಪಾಪ, ವಿಧವೆ ಹೆಣ್ಣುಮಗಳು ಎಂದು ಜಾಗ ಕೊಟ್ಟಿದ್ದೆ, ಈಗ ಆಕೆಯೇ ಬಿಟ್ಟು ಹೋದಳು ಎಂದ. ಹುನಗುಂದ ಸಣ್ಣ ಊರು. ನಾಲ್ಕು ಸಲ ಕೇಳಿದ ಮಾತು ಅಲ್ಲಿ ಖರೆಯಾಗುತ್ತದೆ. ಸ್ವಲ್ಪ ದಿನಗಳಲ್ಲಿ ಕಿರಾಣಿ ಅಂಗಡಿಯವನೂ ಬಾಯಾರನ್ನು, ಶೇಖರಪ್ಪ ಮಾಸ್ತರರ ಶಿಷ್ಯೆ ಅಲ್ಲವೇ ನೀವು ಎಂದು ಕೇಳಿದ.

ನಾವು ಕೆಲವು ಹುಡುಗರು ಸೇರಿ ಪೊಲೀಸರಿಗೆ ಹೇಳೋಣ, ಮಶೀನುಗಳನ್ನಾದರೂ ಬಿಡಿಸಿಕೊಂಡು ಬರೋಣ ಎಂದೆವು. ಬಾಯಾರು ಬೇಡವೆಂದರು.

“ಮಶೀನು ಒಯ್ಲಿ. ಅದು ಕಬ್ಬಿಣ. ಕಲಿಸಿದಾಕಿ ನಾನು ಅನ್ನೂದನ್ನ ಒಯ್ದಾನಲ್ಲ, ಅದನ್ನ ಅವನ ಬಾಯಿಂದ್ಲೇ ವಾಪಸ್ ತಗೋತೇನಿ. ಗಡಿಬಿಡಿ ಇಲ್ಲ.”

ಅಂದಿನಿಂದ ಅವರು ಕೋರ್ಟಿನ ಎದುರಿನ ಕಟ್ಟೆಯ ಮೇಲೆ ಬಾಡಿಗೆಯ ಒಂದು ಮಶೀನು ಇಟ್ಟುಕೊಂಡು ಅರ್ಜಿ, ಅಫಿಡವಿಟ್ಟು ಹೊಡೆದುಕೊಡತೊಡಗಿದರು. ಶೇಖರಪ್ಪನ ಸಂಸ್ಥೆ ಅಲ್ಲಿಂದ ನೇರ ಕಾಣುತ್ತಿತ್ತು. ಅವನು ಬಾಗಿಲು ತೆರೆಯುವ ಮುಂಚೆ ಅವರು ಬಂದಿರುತ್ತಿದ್ದರು, ಅವನು ಬಾಗಿಲು ಹಾಕಿದ ಮೇಲೆ ಏಳುತ್ತಿದ್ದರು. ಒಂದು ಮಾತಿಲ್ಲ, ಒಂದು ಬೈಗುಳವಿಲ್ಲ. ಬರೀ ನೋಡುತ್ತಿದ್ದರು. ಶೇಖರಪ್ಪ ಮೊದಲು ಕಿಟಕಿಗೆ ಪರದೆ ಹಾಕಿಸಿದ. ಆಮೇಲೆ ಬಾಗಿಲನ್ನು ಪಕ್ಕದ ಓಣಿಗೆ ತಿರುಗಿಸಿದ. ಕೊನೆಗೆ ಸಂಸ್ಥೆಯನ್ನು ಆಳಿಗೆ ಒಪ್ಪಿಸಿ ತಾನು ಬಾಗಲಕೋಟೆಗೆ ಹೋಗಿ ನಿಂತ. ಬಾಯಾರಿಗೆ ಇದರಿಂದ ಸಂತೋಷವಾಗಲಿಲ್ಲ. ಎದುರಿಗಿದ್ದವನು ದೂರ ಹೋದನಲ್ಲ ಎಂದು ಬೇಸರವಾಯಿತು.

ಎಂಬತ್ತರ ದಶಕದ ನಡುವೆ ಶೇಖರಪ್ಪ ಬಾಗಲಕೋಟೆಯಲ್ಲಿ ಕಂಪ್ಯೂಟರ್ ಸೆಂಟರ್ ತೆರೆದಿದ್ದಾನೆ ಎಂಬ ಸುದ್ದಿ ಬಂತು. ಬಾಯಾರು ಆಗ ಐವತ್ತು ದಾಟಿದ್ದರು. ಮರುವಾರದಿಂದಲೇ ಬಾಗಲಕೋಟೆಯ ಬಸ್ಸು ಹಿಡಿದರು. ಅಲ್ಲಿ ಒಂದು ಕಾಲೇಜಿನಲ್ಲಿ ಅವರ ಹಳೆಯ ಶಿಷ್ಯೆಯೊಬ್ಬಳು ಪ್ರಯೋಗಶಾಲೆಯ ಕೆಲಸಕ್ಕಿದ್ದಳು. ರಜೆಯ ದಿನ ಅವಳ ಜೊತೆ ಮಶೀನಿನ ಎದುರು ಕುಳಿತು ಕಲಿತರು. ಈ ವಯಸ್ಸಿನಲ್ಲಿ ಯಾಕೆ ಎಂದು ನಾನು ಕೇಳಿದೆ. ಅಂವ ಏನು ಕಲಿಯುತ್ತಾನೋ ಅದು ನನಗೆ ಅವನಿಗಿಂತ ಚೆನ್ನಾಗಿ ಗೊತ್ತಿರಬೇಕು, ಯಾವಾಗ ಬೇಕಾಗುತ್ತದೆ ಎಂದು ಹೇಳಲಾಗದು ಎಂದರು. ಕಲಿಕೆಗೆ ಜ್ಞಾನದಾಹ ಕಾರಣ ಎಂದು ಓದಿದ್ದೆ. ಹಗೆಯೂ ಅಷ್ಟೇ ಒಳ್ಳೆಯ ಮಾಸ್ತರ ಎಂದು ಬಾಯಾರನ್ನು ನೋಡಿ ತಿಳಿದುಕೊಂಡೆ.

ಬೇಕಾಗುವ ದಿನ ಎಂಬತ್ತರ ದಶಕದ ಕೊನೆಗೆ, ನನ್ನ ಕಡೆಯಿಂದಲೇ ಬಂತು. ನಾನಾಗ ಇಳಕಲ್ಲಿನ ಒಂದು ನೇಕಾರರ ಸಹಕಾರಿ ಸಂಘಕ್ಕೆ ಕಾರ್ಯದರ್ಶಿ. ಸಂಘಕ್ಕೆ ಕಂಪ್ಯೂಟರ್ ಬೇಕೆಂದು ಠರಾವಾಯಿತು. ಹುಬ್ಬಳ್ಳಿಯ ವ್ಯಾಪಾರಿ ಮಶೀನು ತಂದು ಇಳಿಸಿ, ಡಾಸ್ ಯಾವುದು ಕೊಡಲಿ, ಮೂರೋ ನಾಲ್ಕೋ ಎಂದು ಕೇಳಿದ. ಆಡಳಿತ ಮಂಡಳಿಯಲ್ಲಿ ಯಾರಿಗೂ ಪ್ರಶ್ನೆಯೇ ತಿಳಿಯಲಿಲ್ಲ. ಬಲ್ಲವರನ್ನು ಕರೆಸಿ ಎಂದರು. ಯಾರನ್ನು ಆರಿಸುತ್ತೇವೋ ಅವರೇ ನಮ್ಮ ಗುಮಾಸ್ತರಿಗೆ ಕಲಿಸಬೇಕು ಎಂದೂ ಗೊತ್ತುಮಾಡಿದರು. ಮಂಡಳಿಯಲ್ಲಿ ಓಣಿಗೊಂದರಂತೆ ಎರಡು ಬಣ. ಮೇಲಿನ ಓಣಿಯ ಸದಸ್ಯರು ಬಾಗಲಕೋಟೆಯಿಂದ ಶೇಖರಪ್ಪನನ್ನು ಕರೆಸಿದರು. ಕೆಳಗಿನ ಓಣಿಯವರು ನನ್ನನ್ನು ಕೇಳಿದರು. ನಾನು ಬಾಯಾರ ಹೆಸರು ಹೇಳಿದೆ.

ಸಭೆಯಲ್ಲಿ ಬಾಯಾರು ವಿಷಯವನ್ನು ಎಲ್ಲರಿಗೂ ತಿಳಿಯುವಂತೆ ಬಿಡಿಸಿದರು. ಈ ಮಶೀನಿಗೆ ತನ್ನದೆಂಬ ಬುದ್ಧಿ ಇಲ್ಲ. ಬೆಳಿಗ್ಗೆ ಒಂದು ಫ್ಲಾಪಿ ಹಾಕಿ ಅದನ್ನು ಎಬ್ಬಿಸಬೇಕು. ಎದ್ದ ಮೇಲೆ ಹೊಸ ಫ್ಲಾಪಿಯನ್ನು ಬರೆಯುವುದಕ್ಕೆ ಹದ ಮಾಡು, ನಕಲು ತೆಗೆ ಎಂದು ಕೆಲಸ ಹೇಳಲು ಎರಡನೆಯ ಫ್ಲಾಪಿ ಬೇಕು. ಈ ಎರಡೂ ಸೇರಿ ಡಾಸ್. ಅದರ ಮೂರನೆಯ ಆವೃತ್ತಿ ಹಳೆಯದು, ನಾಲ್ಕನೆಯದು ಈಗ ಬಂದದ್ದು. ನಾಲ್ಕು ದೊಡ್ಡ ಮಶೀನಿಗೆ ಸರಿ. ನಮ್ಮಂಥ ಸಣ್ಣದರಲ್ಲಿ ಅದೇ ಅರ್ಧ ಮನೆ ಹಿಡಿದು ಕೂರುತ್ತದೆ, ಸಂಘದ ಲೆಕ್ಕಕ್ಕೆ ಜಾಗ ಸಾಲದು. ಮೂರು ಸಾಕು.

ಶೇಖರಪ್ಪ ನಕ್ಕ. ಇಡೀ ಜಗತ್ತು ನಾಲ್ಕಕ್ಕೆ ಹೋಗುತ್ತಿರುವಾಗ ಇಳಕಲ್ಲು ಮೂರಕ್ಕೆ ಕೂತರೆ ನಗೆಪಾಟಲಾಗುತ್ತದೆ ಎಂದ. ಮೇಲಿನ ಓಣಿಯ ಸದಸ್ಯರೊಬ್ಬರಿಗೆ ಅದು ಹಿಡಿಸಿತು.

“ಹ್ವಾದ ವರ್ಷದ ಪಂಚಾಂಗ ಯಾರರ ತಗೋತಾರೇನ್ರಿ?”

“ಇದು ಪಂಚಾಂಗ ಅಲ್ರಿ, ಚಪ್ಪಲಿ,” ಎಂದರು ಬಾಯಾರು. “ಹೊಸಾದು ನೋಡಬ್ಯಾಡ್ರಿ, ನಿಮ್ಮ ಕಾಲಿಗೆ ಹತ್ತೂದು ನೋಡ್ರಿ.”

ಅಲ್ಲಿಂದ ಮಾತು ಡಾಸಿನದಾಗಿ ಉಳಿಯಲಿಲ್ಲ, ಓಣಿಗಳದಾಯಿತು. ನಮ್ಮ ಸಂಘದಲ್ಲಿ ಯಾವುದೂ ಒಂದೇ ಓಣಿಗೆ ಹೋಗುವ ಹಾಗಿರಲಿಲ್ಲ. ಅಧ್ಯಕ್ಷರು ಮೇಲಿನ ಓಣಿಯವರಾದರೆ ಖಜಾಂಚಿ ಕೆಳಗಿನವರು. ಸಭೆಗೆ ಚಹಾ ಒಂದು ಹೋಟೆಲಿನಿಂದ, ಚೂಡಾ ಇನ್ನೊಂದು ಹೋಟೆಲಿನಿಂದ. ಅಧ್ಯಕ್ಷ ವಿರೂಪಾಕ್ಷಪ್ಪನವರು ಮಗ್ಗದಲ್ಲೇ ಮುಪ್ಪಾದ ಹಿರಿಯರು. ಎರಡೂ ಕಡೆ ಕೇಳಿಸಿಕೊಂಡು, ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು.

“ಇಷ್ಟ್ಯಾಕ ಜಗಳಾ? ನಮ್ಮ ಸೀರಿ ಹೆಂಗ ಮಾಡ್ತೀವಿ? ಒಡಲ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಕೊಂಡಿ ಹಾಕಿ ಕೂಡಸ್ತೀವಿ. ಕೂಡಿದ ಮ್ಯಾಲೆ ಎಳದ್ರ ಹರೀತೈತೇನು? ಎಬ್ಬಿಸೂ ಫ್ಲಾಪಿ ನಾಕರದು ಇರಲಿ, ಕೆಲಸಾ ಹೇಳೂ ಫ್ಲಾಪಿ ಮೂರರದು ಇರಲಿ. ಎರಡೂ ಓಣಿ ಮರ್ಯಾದಿ ಉಳೀತು.”

ಇಳಕಲ್ಲಿನಲ್ಲಿ ಇದಕ್ಕಿಂತ ದೊಡ್ಡ ನ್ಯಾಯ ಇಲ್ಲ. ತಲೆತಲಾಂತರದಿಂದ ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲಿನ ಎರಡು ಬೇರೆ ಹಾಸುಗಳನ್ನು ಎಳೆಗೆ ಎಳೆ ಕೊಂಡಿ ಹಾಕಿ ಒಂದೇ ಸೀರೆ ಮಾಡಿದ ಜನ. ಎಲ್ಲರೂ ತಲೆದೂಗಿದರು. ನಾನು ಬಾಯಾರ ಕಡೆ ನೋಡಿದೆ. ಅವರು ಏನೋ ಹೇಳಲು ಬಾಯಿ ತೆರೆದವರು ಮುಚ್ಚಿಕೊಂಡರು. ಅವರ ಮುಖಕ್ಕೆ ನಿಧಾನವಾಗಿ ಒಂದು ಶಾಂತಿ ಬಂತು. ಸೋಮವಾರದ ಬಸ್ಸು ತಿರುವಿನಲ್ಲಿ ಕಂಡಾಗ ಬರುತ್ತಿದ್ದ ಶಾಂತಿ ಅದು.

“ಶೇಖರಪ್ಪನವರ,” ಎಂದರು. ಅಷ್ಟು ವರ್ಷಗಳಲ್ಲಿ ಅವನನ್ನು ಮಾತಾಡಿಸಿದ್ದು ಅದೇ ಮೊದಲು. “ನೀವು ಬಲ್ಲೋರು. ಇವೆರಡೂ ಕೂಡ್ತಾವೇನ್ರಿ?”

ಗೊತ್ತಿಲ್ಲ ಎನ್ನುವುದು ಶೇಖರಪ್ಪನಿಗೆ ಎಂದೂ ಬಾರದ ವಿದ್ಯೆ. “ಯಾಕ ಕೂಡೂದಿಲ್ರಿ? ಎರಡೂ ಡಾಸ್. ನನ್ನ ಸೆಂಟರಿನ್ಯಾಗ ದಿನಾ ಮಾಡ್ತೇವಿ.”

“ವಾರ್ಷಿಕ ಸಭಾದಾಗ ಎಲ್ಲಾರ ಮುಂದ ಮಾಡಿ ತೋರಸ್ತೀರೇನು?”

“ತೋರಸ್ತೇನಿ.”

ಕೂಡುವುದಿಲ್ಲ ಎಂದು ಬಾಯಾರಿಗೆ ಗೊತ್ತಿದೆ ಎಂಬುದು ನನಗೆ ಗೊತ್ತಾಯಿತು. ನಾನು ಠರಾವು ಬರೆದೆ, ಸಹಿ ಹಾಕಿಸಿದೆ. ಕಾರ್ಯದರ್ಶಿಯ ಕೆಲಸ ಠರಾವು ಬರೆಯುವುದು.

ವಾರ್ಷಿಕ ಸಭೆಯ ದಿನ ಸಂಘದ ಹಜಾರ ತುಂಬಿತ್ತು. ಮುಂದೆ ನೇಕಾರರು, ಹಿಂದೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಹೆಣ್ಣುಮಕ್ಕಳು. ಮೇಜಿನ ಮೇಲೆ ಮಶೀನು, ಅದಕ್ಕೆ ಅರಿಶಿನ ಕುಂಕುಮ. ಶೇಖರಪ್ಪ ಸಫಾರಿ ಹಾಕಿಕೊಂಡು ಬಂದಿದ್ದ. ನಾಲ್ಕರ ಫ್ಲಾಪಿ ಹಾಕಿ ಮಶೀನನ್ನು ಎಬ್ಬಿಸಿದ. ಹಸಿರು ಅಕ್ಷರ ಮೂಡಿದವು, ಚಪ್ಪಾಳೆ ಬಿತ್ತು. ಎರಡನೆಯ ಕಿಂಡಿಗೆ ಮೂರರ ಫ್ಲಾಪಿ ಹಾಕಿ, ಹೊಸ ಫ್ಲಾಪಿಯನ್ನು ಹದ ಮಾಡುವ ಅಪ್ಪಣೆ ಹೊಡೆದ. ಮಶೀನು ಸ್ವಲ್ಪ ಗೊರಗುಟ್ಟಿ ಇಂಗ್ಲಿಷಿನಲ್ಲಿ ಒಂದು ಸಾಲು ತೋರಿಸಿ ಸುಮ್ಮನಾಯಿತು. ಮತ್ತೆ ಹೊಡೆದ. ಮತ್ತೆ ಅದೇ ಸಾಲು.

ವಿರೂಪಾಕ್ಷಪ್ಪನವರು ಅದು ಏನು ಹೇಳುತ್ತಿದೆ ಎಂದು ನನ್ನನ್ನು ಕೇಳಿದರು. ಆವೃತ್ತಿ ತಪ್ಪಾಗಿದೆ ಎನ್ನುತ್ತಿದೆ, ಎಬ್ಬಿಸಿದವರು ಒಬ್ಬರು, ಕೆಲಸ ಹೇಳುವವರು ಇನ್ನೊಬ್ಬರು, ಹೀಗಾಗಿ ಒಲ್ಲೆ ಎನ್ನುತ್ತಿದೆ ಎಂದು ಎಲ್ಲರಿಗೂ ಕೇಳುವಂತೆ ತಿಳಿಸಿದೆ.

“ಈ ಸಂಘದಾಗ ಖರೆ ಹೇಳೂ ಧೈರ್ಯ ಇದೊಂದಕ್ಕರ ಐತಿ ನೋಡಲೇ,” ಎಂದ ಒಬ್ಬ ನೇಕಾರ.

ಹಜಾರ ನಕ್ಕಿತು. ಶೇಖರಪ್ಪ ಫ್ಲಾಪಿಗಳನ್ನು ಅದಲು ಬದಲು ಮಾಡಿದ. ಮೂರರಿಂದ ಎಬ್ಬಿಸಿ ನಾಲ್ಕರಿಂದ ಕೆಲಸ ಹೇಳಿದ. ಅದೇ ಉತ್ತರ. ಫ್ಲಾಪಿಗೆ ಊದಿದ, ವಸ್ತ್ರದಿಂದ ಒರೆಸಿದ. ಕೊನೆಗೆ ವೋಲ್ಟೇಜು ಕಡಿಮೆ ಇದೆ ಎಂದ. ಸೆರಗಿನ ಕೊಂಡಿ ಬಿಚ್ಚಿಹೋಗಿದೆ, ಸೂಜಿ ಕೊಡಿರೋ ಎಂದು ಹಿಂದಿನಿಂದ ಯಾರೋ ಕೂಗಿದರು. ಅವನ ಸಫಾರಿಯ ಬೆನ್ನು ಒದ್ದೆಯಾಗುತ್ತ ಬಂದದ್ದನ್ನು ನಾನು ಹತ್ತಿರದಿಂದ ನೋಡಿದೆ. ಚಂದವಾಗಿತ್ತು.

ಆಗ ಬಾಯಾರು ಎದ್ದರು. ಮೇಜಿನ ಹತ್ತಿರ ಬಂದು ತಮ್ಮ ಚೀಲದಿಂದ ಎರಡು ಫ್ಲಾಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಹಾಕಲಿಲ್ಲ.

“ಶೇಖರಪ್ಪ. ಇದನ್ನ ನಾ ಚಾಲೂ ಮಾಡ್ತೇನಿ. ಅದಕ್ಕೂ ಮದಲ ಒಂದು ಹೇಳು. ನಿನಗ ಮಶೀನಿನ ಮ್ಯಾಲೆ ಬೆರಳು ಇಡಾಕ ಕಲಿಸಿದಾಕಿ ಯಾರು?”

ಅದೆಲ್ಲ ಈಗ ಯಾಕೆ ಎಂದು ಅವನು ಗೊಣಗಿದ. ಬಾಯಾರು ಕಾದರು. ಕಾಯುವುದರಲ್ಲಿ ಅವರನ್ನು ಮೀರಿಸುವವರು ತಾಲ್ಲೂಕಿನಲ್ಲಿ ಇರಲಿಲ್ಲ. ಕೊನೆಗೆ ವಿರೂಪಾಕ್ಷಪ್ಪನವರೇ, “ಹೇಳೋ ಮಾರಾಯ, ಊಟದ ಹೊತ್ತಾತು,” ಎಂದರು.

“ನೀವರಿ ಬಾಯಾರ,” ಎಂದ ಶೇಖರಪ್ಪ.

“ಹಿಂದ ಹೆಣ್ಮಕ್ಕಳು ಕುಂತಾರ.”

ಅವನು ದನಿಯೆತ್ತಿ ಇನ್ನೊಮ್ಮೆ ಹೇಳಿದ. ಬಾಯಾರು ಮೂರರ ಎರಡೂ ಫ್ಲಾಪಿ ಹಾಕಿ, ಕೀಲಿಗಳನ್ನು ನೋಡದೆ ಹೊಡೆದು, ಹೊಸ ಫ್ಲಾಪಿಯನ್ನು ಹದ ಮಾಡಿ ವಿರೂಪಾಕ್ಷಪ್ಪನವರ ಕೈಗೆ ಕೊಟ್ಟರು. ಸಂಘ ಮೂರನ್ನೇ ಇಟ್ಟುಕೊಂಡಿತು. ನಮ್ಮ ಗುಮಾಸ್ತರಿಗೆ ಅವರೇ ಕಲಿಸಿದರು, ಕರವಸ್ತ್ರ ಹೊದಿಸಿ.

ಅಂದು ಸಂಜೆ ಅವರನ್ನು ಬಸ್ಸಿಗೆ ಕಳಿಸಲು ಹೋದೆ. ಸಂತೋಷದ ಮಾತು ಬರುತ್ತದೆ ಎಂದುಕೊಂಡಿದ್ದೆ. ಇಷ್ಟು ವರ್ಷದ ಮೇಲೆ ತೀರಿತಲ್ಲ ಎಂದು ನಾನೇ ಶುರು ಮಾಡಿದೆ.

“ಎಲ್ಲಿ ತೀರೇತಿ?” ಎಂದರು. “ಸುಳ್ಳು ಹೇಳಿದ್ದು ಹುನಗುಂದದಾಗ, ಖರೆ ಹೇಳಿದ್ದು ಇಳಕಲ್ಲಾಗ. ಇಲ್ಲಿಯವರು ಆ ಸುಳ್ಳು ಕೇಳೇ ಇಲ್ಲ. ಇದು ಅರ್ಧಾ.”

ಉಳಿದರ್ಧಕ್ಕೆ ಅವರು ಬಹಳ ಯೋಚನೆ ಹಾಕಿದ್ದರು. ಆದರೆ ಶೇಖರಪ್ಪ ಆಮೇಲೆ ಹುನಗುಂದಕ್ಕೆ ಕಾಲಿಡಲಿಲ್ಲ. ಅಷ್ಟರಲ್ಲಿ ಬಾಯಾರಿಗೆ ಹೊಟ್ಟೆಯ ರೋಗ ಬಂತು. ಕಟ್ಟೆ ಬಿಟ್ಟು ಬದಾಮಿಗೆ, ತಮ್ಮನ ಮನೆಗೆ ಹೋದರು. ನಾನು ನೋಡಲು ಹೋದಾಗ ಪಡಸಾಲೆಯಲ್ಲಿ ಮಂಚದ ಮೇಲಿದ್ದರು. ದೇಹ ಅರ್ಧವಾಗಿತ್ತು, ಬೆನ್ನು ಮಾತ್ರ ದಿಂಬಿಗೆ ಒರಗಿರಲಿಲ್ಲ. ದವಾಖಾನೆಯ ಮಾತು ತೆಗೆದೆ, ಬೇಡ ಎಂದು ಕೈಯಾಡಿಸಿದರು. ಅವರಿಗೆ ಬೇಕಾದದ್ದು ಬೇರೆ ಇತ್ತು.

“ಅಂವ ಬಂದಾನೇನು ಹುನಗುಂದಕ್ಕ?”

ಇಲ್ಲ ಎಂದೆ.

“ನಾ ಸತ್ರ ಬರ್ತಾನ. ಹಾರ ಹಾಕಾಕ ಬರ್ತಾನ, ಮಾತಾಡಾಕ ಬರ್ತಾನ. ಅಂವಗ ಮೈಕ್ ಅಂದ್ರ ಭಾಳ ಪ್ರೀತಿ.” ಸ್ವಲ್ಪ ದಣಿವಾರಿಸಿಕೊಂಡು ಮುಂದುವರಿಸಿದರು. “ಸಭಾ ಬದಾಮ್ಯಾಗ ಮಾಡಬ್ಯಾಡ. ಹುನಗುಂದದಾಗ ಮಾಡು. ಹೊತ್ತಿಗೆ ಸರಿಯಾಗಿ ಶುರು ಮಾಡು.”

ತಮ್ಮ ಸಾವನ್ನೂ ಕೆಲಸಕ್ಕೆ ಹಚ್ಚುತ್ತಿದ್ದಾರೆ ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಆಗಲಿ ಎಂದೆ. ಅವರು ಕಣ್ಣು ಮುಚ್ಚಿದರು. ಅದೇ ನಮ್ಮ ಕೊನೆಯ ಮಾತು.

ಸಂತಾಪ ಸಭೆಯನ್ನು ಹುನಗುಂದದ ಒಂದು ಶಾಲೆಯಲ್ಲಿ ಮಾಡಿದೆವು. ವಕೀಲರು, ಕಾರಕೂನರು, ಮಾಸ್ತರರು, ಆ ಕಿರಾಣಿ ಅಂಗಡಿಯವನು, ಊರೆಲ್ಲ ಬಂದಿತ್ತು. ನಿರೂಪಣೆ ನನ್ನದು. ಇಂಥ ಸಭೆಗಳಲ್ಲಿ ಮೊದಲು ಮೌನಾಚರಣೆ, ಆಮೇಲೆ ಭಾಷಣ. ನಾನು ಮೌನವನ್ನು ಕೊನೆಗೆ ಇಟ್ಟಿದ್ದೆ, ಅದಕ್ಕೂ ಮುಂಚಿನ ಕೊನೆಯ ಭಾಷಣ ಶೇಖರಪ್ಪನದು. ಅವನು ದೊಡ್ಡ ಹಾರ ತಂದಿದ್ದ. ಫೋಟೋಕ್ಕೆ ಹಾಕಿ, ಕಣ್ಣು ಒರೆಸಿಕೊಂಡು, ಮೈಕಿನ ಮುಂದೆ ನಿಂತ.

ಕಾಶೀಬಾಯಿಯವರು ನಮ್ಮ ಸಂಸ್ಥೆಯಲ್ಲಿ ಅನೇಕ ವರ್ಷ ಸೇವೆ ಸಲ್ಲಿಸಿದರು ಎಂದು ಶುರು ಮಾಡಿದ. ಬಡ ಹೆಣ್ಣುಮಗಳು, ಆಶ್ರಯ ಕೇಳಿ ಬಂದಾಗ ಇಲ್ಲ ಎನ್ನಲಾಗಲಿಲ್ಲ, ಕೈಲಾದಷ್ಟು ಕಲಿಸಿದೆ ಎಂದ. ಇಳಕಲ್ಲು ಅವನಿಗೆ ಆಗಲೇ ಮರೆತುಹೋಗಿತ್ತು. ಅಥವಾ ಇಲ್ಲಿ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದ.

ನಾನು ಎದ್ದು ಅವನ ಪಕ್ಕಕ್ಕೆ ಹೋಗಿ ನಿಂತೆ. ಮೈಕು ಇಬ್ಬರ ನಡುವೆ ಇತ್ತು.

“ಇನ್ನ ಮೌನಾಚರಣಿ ಐತ್ರಿ,” ಎಂದೆ ಸಭೆಗೆ. “ಅದಕ್ಕೂ ಮದಲ ಶೇಖರಪ್ಪನವರು ತಮಗ ಟೈಪಿಂಗ್ ಕಲಿಸಿದೋರು ಯಾರು ಅಂತ ಹೇಳ್ತಾರ. ಅವರು ಹೇಳೂತನಕಾ ನಾವು ಯಾರೂ ಏಳೂದಿಲ್ಲ.”

ಅವನು ನಕ್ಕ. ನಾನು ನಗಲಿಲ್ಲ. ಮುಂದಿನ ಎರಡು ಸಾಲುಗಳಲ್ಲಿ ಬಾಯಾರ ಹಳೆಯ ವಿದ್ಯಾರ್ಥಿಗಳೇ ಇದ್ದರು. ಬೆನ್ನು ನೇರ ಮಾಡಿ, ಕೈ ತೊಡೆಯ ಮೇಲಿಟ್ಟು, ಅವನ ಮುಖವನ್ನೇ ನೋಡುತ್ತ ಕುಳಿತರು. ಊರವರೂ ಕುಳಿತರು. ಯಾರೋ ಫ್ಯಾನು ನಿಲ್ಲಿಸಿದರು. ಶೇಖರಪ್ಪ ಬಾಗಿಲ ಕಡೆ ನೋಡಿದ. ಬಾಗಿಲಲ್ಲೂ ಜನ ನಿಂತಿದ್ದರು.

ಬಹಳ ಹೊತ್ತಾದ ಮೇಲೆ ಅವನು ಮೈಕಿಗೆ ಬಗ್ಗಿದ.

“ಬಾಯಾರು ನನಗ ಕಲಿಸಿದ್ರು,” ಎಂದ. ಆಮೇಲೆ, “ನಾ ಅವರಿಗೆ ಕಲಿಸಿಲ್ಲ.”

ಎರಡನೆಯ ಮಾತು ಹೇಳೆಂದು ನಾನು ಕೇಳಿರಲಿಲ್ಲ. ಬಾಯಾರಿಗೆ ಬೇಕಾಗಿದ್ದದ್ದು ಅದು. ಕಿರಾಣಿ ಅಂಗಡಿಯವನು ತಲೆ ತಗ್ಗಿಸಿದ. ಶೇಖರಪ್ಪ ಕುರ್ಚಿಯ ಕಡೆ ಹೊರಟ. ಕುಂದ್ರಬ್ಯಾಡ್ರಿ, ಅಲ್ಲೇ ನಿಂದ್ರಿ ಎಂದೆ. ಸಭೆ ಎದ್ದು ನಿಂತಿತು.